ವೈದ್ಯಕೀಯ ಸಾಧನ ರೂಪಿಸುವ ತಂಡವಾಗಿ ಪಳಗುವುದೆಲ್ಲಿ: ಫೆಲೋಶಿಪ್ಪೇ, ಪದವಿಯೇ, ಅನುದಾನವೇ?

ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಸೇರಿ, ಡ್ರಿಪ್ ಬಾಟಲಿ ಖಾಲಿಯಾಗುವ ಮೊದಲೇ ಸದ್ದು ಮಾಡಿ ಎಚ್ಚರಿಸುವ ಪುಟ್ಟದೊಂದು ಪೆಟ್ಟಿಗೆ ಮಾಡಿದ್ದೆವು. ಮೂವರು ಎಂಜಿನಿಯರುಗಳು, ಒಬ್ಬ ಹೌಸ್ ಸರ್ಜನ್. ಬಾಟಲಿಯ ತೂಕ ಅಳೆಯುವ ಸೆನ್ಸರ್, ಒಂದು ಬಜರ್, ಗೋಡೆಯ ಪ್ಲಗ್ಗಿಗೆ ಹೋಗುವ ಒಂದು ವೈರು. ಲ್ಯಾಬಿನಲ್ಲಿ ಅದು ಒಮ್ಮೆಯೂ ತಪ್ಪಲಿಲ್ಲ. ಹನ್ನೊಂದು ತಿಂಗಳಾದ ಮೇಲೆ ಒಂದು ಆಸ್ಪತ್ರೆಯ ಜನರಲ್ ವಾರ್ಡಿಗೆ ಒಯ್ದೆವು. ಅಲ್ಲಿನ ಹಿರಿಯ ಸಿಸ್ಟರ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಇದನ್ನ ಎಲ್ಲಿ ಚುಚ್ಚೋದು ಸರ್? ಎರಡು ಬೆಡ್ಡಿಗೆ ಒಂದೇ ಪ್ಲಗ್ ಪಾಯಿಂಟು, ಅದರಲ್ಲಿ ಯಾವಾಗಲೂ ಯಾರದೋ ಮೊಬೈಲ್ ಇರುತ್ತೆ. ಪೇಷೆಂಟು ಬಾತ್‌ರೂಮಿಗೆ ಹೋಗುವಾಗ ಸ್ಟ್ಯಾಂಡನ್ನೂ ತಳ್ಳಿಕೊಂಡು ಹೋಗ್ತಾರೆ, ವೈರು ಏನಾಗಬೇಕು? ರಾತ್ರಿ ಇಷ್ಟು ಜನಕ್ಕೆ ನಾವಿಬ್ಬರೇ. ನಾಲ್ಕು ಕಡೆ ಒಟ್ಟಿಗೆ ಕೂಗಿದರೆ ಎಲ್ಲಿಗೆ ಅಂತ ಓಡೋದು?"

ಆಮೇಲೆ ಪಕ್ಕದ ಹಾಸಿಗೆಯ ಬಾಟಲಿ ತೋರಿಸಿದರು. ಉದ್ದಕ್ಕೆ ಅಂಟಿಸಿದ ಪ್ಲಾಸ್ಟರ್ ಪಟ್ಟಿ, ಅದರ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಬರೆದ ಗಂಟೆಗಳು. ಯಾವ ಹೊತ್ತಿಗೆ ದ್ರವ ಎಲ್ಲಿರಬೇಕು ಎಂಬ ಲೆಕ್ಕ. ಅಷ್ಟು ತಿಂಗಳಲ್ಲಿ ನಮ್ಮಲ್ಲಿ ಒಬ್ಬರೂ ಆ ಪಟ್ಟಿಯನ್ನು ಗಮನಿಸಿರಲಿಲ್ಲ. ನಮ್ಮ ಹೌಸ್ ಸರ್ಜನ್ ದಿನಾ ಅದರ ಪಕ್ಕದಲ್ಲೇ ರೌಂಡ್ಸ್ ಹೋಗುತ್ತಿದ್ದ.

ನಮಗೆ ತಂತ್ರಜ್ಞಾನ ಗೊತ್ತಿತ್ತು, ವೈದ್ಯಶಾಸ್ತ್ರವೂ ಒಬ್ಬನಿಗೆ ಗೊತ್ತಿತ್ತು. ಒಟ್ಟಿಗೆ ನೋಡುವುದು ಗೊತ್ತಿರಲಿಲ್ಲ, ಅದನ್ನು ಯಾರೂ ಕಲಿಸಿರಲಿಲ್ಲ. ಇವತ್ತು ಅದನ್ನು ಕಲಿಸುವ ದಾರಿಗಳು ನಮ್ಮ ದೇಶದಲ್ಲೇ ಹಲವಿವೆ. ಎಂಜಿನಿಯರಿಂಗ್ ಮುಗಿಸಿದವರು, ಎಂಬಿಬಿಎಸ್ ಮುಗಿಸಿ ಪಿಜಿಯ ಬದಲು ಬೇರೇನಾದರೂ ಮಾಡಬೇಕು ಅನ್ನುವವರು, ಬಿಎಸ್ಸಿ ನರ್ಸಿಂಗ್ ಓದಿದವರು "ಎಲ್ಲಿ ಸೇರಲಿ?" ಎಂದು ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದಾರಿಗಳನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಚಿತ್ರ ಬಿಡಿಸಲು ಪೆನ್ಸಿಲ್ ಹಿಡಿಯುವ ಮೊದಲು ಇಡೀ ತಂಡ ಎಷ್ಟು ದಿನ ವಾರ್ಡಿನಲ್ಲಿ ಒಟ್ಟಿಗೆ ನಿಂತಿರುತ್ತದೆ? ಥ್ರೀಡಿ ಪ್ರಿಂಟರ್ ಬಾಡಿಗೆಗೆ ಸಿಗುತ್ತದೆ, ಸರ್ಕ್ಯೂಟ್ ಬೋರ್ಡ್ ಮಾಡಿಕೊಡುವವರು ಪೀಣ್ಯದಲ್ಲಿದ್ದಾರೆ. ವಾರ್ಡಿನಲ್ಲಿ ನಿಲ್ಲುವ ಅವಕಾಶ ಮಾತ್ರ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ.

ಬಯೋಡಿಸೈನ್ ಫೆಲೋಶಿಪ್

ಈ ಅಳತೆಯಲ್ಲಿ ಎಲ್ಲಕ್ಕಿಂತ ಮುಂದಿರುವುದು ಬಯೋಡಿಸೈನ್ ಮಾದರಿ. ಹೃದ್ರೋಗ ತಜ್ಞ ಪಾಲ್ ಯಾಕ್ ಮತ್ತು ಜಾಶ್ ಮಕೋವರ್ 2000ದ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದನ್ನು ಕಟ್ಟಿದರು. ವೈದ್ಯ, ಎಂಜಿನಿಯರ್, ವ್ಯವಹಾರ ಬಲ್ಲವರು ಹೀಗೆ ಬೇರೆ ಬೇರೆ ಕಸುಬಿನ ನಾಲ್ಕೈದು ಜನರನ್ನು ಒಂದು ತಂಡ ಮಾಡಿ, ನೇರ ಆಸ್ಪತ್ರೆಯೊಳಗೆ ಬಿಡುತ್ತಾರೆ. ಕೆಲಸಕ್ಕೆ ಮೂರು ಹಂತ: ಕೊರತೆ ಗುರುತಿಸುವುದು, ಪರಿಹಾರ ಕಂಡುಹಿಡಿಯುವುದು, ಅದನ್ನು ಜಾರಿಗೆ ತರುವುದು. ಮೊದಲ ಹಂತದಲ್ಲಿ ಯಾವ ಪರಿಹಾರವನ್ನೂ ಬಾಯಿಬಿಟ್ಟು ಹೇಳುವಂತಿಲ್ಲ. ಓಟಿ, ಐಸಿಯು, ಹೊರರೋಗಿ ವಿಭಾಗ ಎಲ್ಲ ಕಡೆ ನಿಂತು, ಕಂಡ ಕೊರತೆಗಳನ್ನು ಬರೆಯುತ್ತಾ ಹೋಗಬೇಕು. ಪಟ್ಟಿ ಇನ್ನೂರು ದಾಟುತ್ತದೆ. ಆಮೇಲೆ ಒಂದೊಂದನ್ನೇ ಹೊಡೆದುಹಾಕುತ್ತಾ ಕೊನೆಗೆ ಒಂದೆರಡಕ್ಕೆ ಬರುತ್ತಾರೆ.

ಕೊರತೆಯನ್ನು ಬರೆಯುವುದಕ್ಕೂ ಒಂದು ಶಿಸ್ತಿದೆ. ತೊಂದರೆ ಏನು, ಯಾರಿಗೆ, ಏನು ಬದಲಾದರೆ ಗುಣ ಕಂಡಂತೆ, ಈ ಮೂರೂ ಒಂದೇ ವಾಕ್ಯದಲ್ಲಿ ಬರಬೇಕು, ಪರಿಹಾರದ ಸುಳಿವು ಇರಬಾರದು. ನಾವು ಬರೆದುಕೊಂಡಿದ್ದು "ಡ್ರಿಪ್ ಮುಗಿದಾಗ ಸದ್ದು ಮಾಡುವ ಅಲಾರ್ಮ್ ಬೇಕು" ಎಂದು. ಅದರಲ್ಲಿ ಅಲಾರ್ಮ್ ಆಗಲೇ ಕೂತುಬಿಟ್ಟಿದೆ. "ರಾತ್ರಿ ಪಾಳಿಯಲ್ಲಿ ಇಬ್ಬರೇ ನರ್ಸುಗಳಿರುವ ವಾರ್ಡಿನಲ್ಲಿ, ಮುಗಿದ ಡ್ರಿಪ್ಪಿನಿಂದ ಸೂಜಿಯ ಬಾಯಲ್ಲಿ ರಕ್ತ ಹೆಪ್ಪುಗಟ್ಟಿ ಮತ್ತೆ ಚುಚ್ಚಬೇಕಾದ ಪ್ರಸಂಗಗಳನ್ನು ಕಡಿಮೆ ಮಾಡುವುದು" ಎಂದು ಬರೆದಿದ್ದರೆ ಬೇರೆ ಹತ್ತು ದಾರಿ ತೋಚುತ್ತಿದ್ದವು. ಎರಡನೆಯ ವಾಕ್ಯ ಬರೆಯಬೇಕಾದರೆ ಒಂದು ರಾತ್ರಿಯಾದರೂ ವಾರ್ಡಿನಲ್ಲಿ ಕಳೆದಿರಬೇಕು.

ಈ ಮಾದರಿ ಭಾರತಕ್ಕೆ ಬಂದದ್ದು 2007-08ರ ಸುಮಾರಿಗೆ, ಸ್ಟ್ಯಾನ್‌ಫರ್ಡ್-ಇಂಡಿಯಾ ಬಯೋಡಿಸೈನ್ ಎಂಬ ಹೆಸರಿನಲ್ಲಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಹಣ, ದೆಹಲಿಯ ಏಮ್ಸ್ ಮತ್ತು ಐಐಟಿಗಳ ಜೋಡಿ ನೆಲೆ. ಮುಂದೆ ಅದು ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಬಯೋಡಿಸೈನ್ ಆಯಿತು. ಇಲ್ಲಿಂದ ಹೊರಬಂದವರಲ್ಲಿ ನಿಶಿತ್ ಚಸ್ಮಾವಾಲಾ ಮತ್ತು ಅಮಿತ್ ಶರ್ಮಾ ಕಟ್ಟಿದ ಕನ್ಶೂರ್ ಮೆಡಿಕಲ್ ಅನ್ನು ನಾನು ಯಾವಾಗಲೂ ಉದಾಹರಿಸುತ್ತೇನೆ. ಹಾಸಿಗೆ ಹಿಡಿದ ರೋಗಿ ತಿಳಿಯದೆ ಮಲ ಮಾಡಿಕೊಳ್ಳುವುದು, ಅದರಿಂದ ಸೋಂಕು, ಬೆನ್ನಹುಣ್ಣು: ಇವರು ಎತ್ತಿಕೊಂಡದ್ದು ಈ ತೊಂದರೆಯನ್ನು. ಇದನ್ನು ಯಾವ ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಪಟ್ಟಿಯಲ್ಲೂ ನಾನು ಕಂಡಿಲ್ಲ. ಆದರೆ ಐಸಿಯುನಲ್ಲಿ ಒಂದು ವಾರ ನಿಂತವರ ಕಣ್ಣಿಗೆ ಇದು ಬೀಳದೇ ಇರದು, ದಿನಕ್ಕೆಷ್ಟು ಸಲ ಬಟ್ಟೆ ಬದಲಿಸುತ್ತಾರೆಂದು ಆಯಾಗಳ ಮುಖ ನೋಡಿದರೇ ಗೊತ್ತಾಗುತ್ತದೆ.

ಇದರ ಬೆಲೆಯೂ ದೊಡ್ಡದೇ. ಸುಮಾರು ಒಂದು ವರ್ಷ ಪೂರ್ತಿ ಇದಕ್ಕೇ ಮೀಸಲು. ಸೀಟುಗಳು ಬೆರಳೆಣಿಕೆ. ಶಿಷ್ಯವೇತನ ಇರುತ್ತದೆ, ಮನೆ ಸಾಲ ಕಟ್ಟುತ್ತಿರುವವರಿಗೆ ಅದು ಸಾಲುವುದಿಲ್ಲ. ಮುಗಿದ ಮೇಲೆ ಕೈಯಲ್ಲಿ ಪದವಿ ಇರುವುದಿಲ್ಲ. ನನಗಿರುವ ಇನ್ನೊಂದು ತಕರಾರೆಂದರೆ, ಈ ತಂಡಗಳಲ್ಲಿ ವೈದ್ಯರಿಗೆ, ಎಂಜಿನಿಯರಿಗೆ, ಎಂಬಿಎ ಓದಿದವರಿಗೆ ಇರುವಷ್ಟು ಜಾಗ ನರ್ಸಿಗೆ, ಫಿಸಿಯೋಥೆರಪಿಸ್ಟಿಗೆ, ಆಸ್ಪತ್ರೆಯ ಬಯೋಮೆಡಿಕಲ್ ಟೆಕ್ನಿಷಿಯನ್ನಿಗೆ ಸಿಗುತ್ತಿಲ್ಲ. ಬಹಳ ಸಲ ಅವರನ್ನು ಮಾತಾಡಿಸಿ ಮಾಹಿತಿ ಪಡೆದು ಕಳಿಸುತ್ತಾರೆ.

ಜೈಪುರದ ಕೃತಕ ಕಾಲು ನಡೆದ ದಾರಿ ಬೇರೆ. 1960ರ ದಶಕದ ಕೊನೆಯಲ್ಲಿ ಅಲ್ಲಿನ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆತಜ್ಞ ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಅದನ್ನು ರೂಪಿಸಿದರು. ಹೆಚ್ಚು ಶಾಲೆ ಕಲಿಯದ ಶರ್ಮಾರನ್ನು ಎಲ್ಲರೂ ಮಾಸ್ಟರ್‌ಜಿ ಎಂದೇ ಕರೆಯುತ್ತಿದ್ದರು. ಆಮದಾದ ಕಾಲಿನಲ್ಲಿ ನೆಲಕ್ಕೆ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ, ಬರಿಗಾಲಲ್ಲಿ ಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. ಟೈರ್ ರಿಪೇರಿ ಅಂಗಡಿಯ ರಬ್ಬರಿನಲ್ಲಿ ಉತ್ತರ ಕಂಡುಕೊಂಡದ್ದು ಆ ಕುಶಲಕರ್ಮಿಯ ಕೈ. ಆತ ಬಂದು ಮಾಹಿತಿ ಕೊಟ್ಟು ಹೋದವರಲ್ಲ, ತಂಡದ ಅರ್ಧ ಅವರೇ.

ಪದವಿ

ಕೈಗೊಂದು ಪ್ರಮಾಣಪತ್ರ ಬೇಕು, ಅಪ್ಪ ಅಮ್ಮನಿಗೆ ಹೇಳಲು ಒಂದು ಹೆಸರು ಬೇಕು ಅನ್ನುವುದು ತಪ್ಪೇನಲ್ಲ. ಎಂಜಿನಿಯರುಗಳಿಗೆ ನಾನು ಮೊದಲು ಹೇಳುವುದು ಕ್ಲಿನಿಕಲ್ ಎಂಜಿನಿಯರಿಂಗ್ ಎಂ.ಟೆಕ್. ಐಐಟಿ ಮದ್ರಾಸ್, ವೆಲ್ಲೂರಿನ ಸಿಎಂಸಿ ವೈದ್ಯಕೀಯ ಕಾಲೇಜು ಮತ್ತು ತಿರುವನಂತಪುರದ ಶ್ರೀಚಿತ್ರಾ ವೈದ್ಯಕೀಯ ವಿಜ್ಞಾನ ಸಂಸ್ಥೆ ಮೂರೂ ಸೇರಿ ನಡೆಸುವ ಕೋರ್ಸು. ವಿದ್ಯಾರ್ಥಿ ಮೂರು ಕಡೆಯೂ ಓಡಾಡಬೇಕು: ಒಂದು ಕಡೆ ಎಂಜಿನಿಯರಿಂಗ್, ಒಂದು ಕಡೆ ಆಸ್ಪತ್ರೆ, ಒಂದು ಕಡೆ ಸಾಧನ ತಯಾರಿಕೆಯ ಅನುಭವ. ವೈದ್ಯರಿಗಾದರೆ ಐಐಟಿ ಖರಗ್‌ಪುರದ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಶಾಲೆ ಇದೆ. 2001ರಲ್ಲಿ ಶುರುವಾದದ್ದು, ಎಂಬಿಬಿಎಸ್ ಆದವರಿಗೆಂದೇ ಮೂರು ವರ್ಷದ ಸ್ನಾತಕೋತ್ತರ ಕೋರ್ಸು ರೂಪಿಸಿದ ಸಂಸ್ಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಈ ದಿಕ್ಕಿಗೆ ಹೊರಟಿದೆ. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಕೊಟ್ಟ 425 ಕೋಟಿ ರೂಪಾಯಿ ದಾನದಿಂದ ಅದರ ಆವರಣದಲ್ಲೇ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಯ ಯೋಜನೆ ಘೋಷಣೆಯಾಯಿತು. ಎಂಜಿನಿಯರಿಂಗ್ ಲ್ಯಾಬಿನಿಂದ ವಾರ್ಡಿಗೆ ನಡೆದೇ ಹೋಗುವಂತಾದರೆ ಅದರ ಫಲ ನಾವು ಕನ್ನಡಿಗರು ಹತ್ತಿರದಿಂದಲೇ ನೋಡಬಹುದು.

ಪದವಿಯ ಬಲ ಆಳದಲ್ಲಿದೆ. ರಕ್ತಕ್ಕೆ ತಾಗುವ ಲೋಹ ಏನಾಗುತ್ತದೆ, ಮೂಳೆಗೆ ಕೂರಿಸಿದ ಸ್ಕ್ರೂ ಯಾಕೆ ಸಡಿಲವಾಗುತ್ತದೆ ಎನ್ನುವುದನ್ನು ಒಂದು ವರ್ಷದ ಫೆಲೋಶಿಪ್ಪಿನಲ್ಲಿ ಕಲಿಯಲಾಗದು. ಶ್ರೀಚಿತ್ರಾದ್ದೇ ಹೃದಯದ ಕವಾಟ ನೋಡಿ. ಶಸ್ತ್ರವೈದ್ಯ ಡಾ. ಎಂ.ಎಸ್. ವಲಿಯತ್ತಾನ್ ಮುಂದಾಳತ್ವದಲ್ಲಿ ವೈದ್ಯರು, ಎಂಜಿನಿಯರುಗಳು, ವಸ್ತುವಿಜ್ಞಾನಿಗಳು ಒಂದೇ ಸೂರಿನಡಿ ದುಡಿದರು. ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ಮನುಷ್ಯನಿಗೆ ಅಳವಡಿಸಿದರು. ಅಲ್ಲಿಂದ ಈಚೆಗೆ ಒಂದು ಲಕ್ಷಕ್ಕೂ ಹೆಚ್ಚು ಹೃದಯಗಳಲ್ಲಿ ಅದು ಕೂತಿದೆ. ಸೋತ ಮೇಲೂ ತಂಡ ಒಡೆಯದೆ ಉಳಿದದ್ದು ಹಿಂದೆ ಒಂದು ಸಂಸ್ಥೆ ಇದ್ದದ್ದರಿಂದ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದರು, 2024ರಲ್ಲಿ ಕಣ್ಣು ಮುಚ್ಚಿದ್ದೂ ಮಣಿಪಾಲದಲ್ಲೇ.

ಪದವಿಯ ಕೊರತೆ ಏನೆಂದರೆ, ಅಲ್ಲಿ ಕಲಿಯುವವ ಒಬ್ಬನೇ. ಪ್ರಬಂಧ ಅವನದು, ಅಂಕ ಅವನದು. ಪಕ್ಕದ ಕಸುಬಿನವರ ಜೊತೆ ಜಗಳವಾಡಿ ಒಪ್ಪಂದಕ್ಕೆ ಬರುವ ಅಭ್ಯಾಸವನ್ನು ಪಠ್ಯಕ್ರಮ ಕೊಡುವುದಿಲ್ಲ, ತಾನಾಗಿ ಹುಡುಕಿಕೊಳ್ಳಬೇಕು. ನೀವು ಸೇರುವ ವಿಭಾಗದ ಬೋಧಕರು ವೈದ್ಯರ ಜೊತೆ ಸೇರಿ ಮಾರ್ಗದರ್ಶನ ಮಾಡುತ್ತಾರೋ, ವರ್ಷಕ್ಕೊಂದು ಸಲ ಅತಿಥಿ ಉಪನ್ಯಾಸಕ್ಕೆ ಕರೆದು ಸುಮ್ಮನಾಗುತ್ತಾರೋ ಎಂದು ಸೇರುವ ಮೊದಲೇ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ.

ಬೆಟಿಕ್ ಥರದ ಕೇಂದ್ರಗಳು, ಮತ್ತು ಎರಡು ದಿನದ ಶಿಬಿರಗಳು

ಐಐಟಿ ಬಾಂಬೆಯಲ್ಲಿ ಪ್ರೊ. ಬಿ. ರವಿ 2014ರಲ್ಲಿ ಕಟ್ಟಿದ ವೈದ್ಯಕೀಯ ಸಾಧನ ರೂಪಿಸುವ ಬೆಟಿಕ್ ಕೇಂದ್ರ ಫೆಲೋಶಿಪ್ಪು, ಪದವಿ ಎರಡರ ನಡುವಿನದು. ಮಹಾರಾಷ್ಟ್ರ ಸರ್ಕಾರದ ನೆರವಿನಿಂದ ಶುರುವಾಗಿ ಪುಣೆ, ನಾಗಪುರದ ಎಂಜಿನಿಯರಿಂಗ್ ಕಾಲೇಜುಗಳಿಗೂ ಹಬ್ಬಿತು. ವೈದ್ಯ ತನ್ನ ತೊಂದರೆ ಹೊತ್ತು ಬರುತ್ತಾನೆ, ಯುವ ಎಂಜಿನಿಯರುಗಳು ಮತ್ತು ಡಿಸೈನರುಗಳು ಅಲ್ಲೇ ಕೂತು ಮಾದರಿ ಮಾಡುತ್ತಾರೆ, ಪರೀಕ್ಷೆ, ಪೇಟೆಂಟು, ಕಂಪನಿ ಎಲ್ಲಕ್ಕೂ ಅಲ್ಲೇ ಕೈಹಿಡಿಯುವವರಿರುತ್ತಾರೆ. ಕೈಕೆಲಸ ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪ್ರೊ. ರವಿ 2023ರಿಂದ ಸುರತ್ಕಲ್ಲಿನ ಎನ್‌ಐಟಿಕೆ ನಿರ್ದೇಶಕರು. ಸುತ್ತಮುತ್ತ ಮಂಗಳೂರು, ಮಣಿಪಾಲದಷ್ಟು ದಟ್ಟವಾಗಿ ವೈದ್ಯಕೀಯ ಕಾಲೇಜುಗಳಿರುವ ನೆಲ ಕಡಿಮೆ. ಕರಾವಳಿಯ ಹುಡುಗ ಹುಡುಗಿಯರು ಮುಂಬೈಗೆ ಟಿಕೆಟ್ ಮಾಡಿಸುವ ಮೊದಲು ಅಲ್ಲೊಮ್ಮೆ ವಿಚಾರಿಸಲಿ.

ಇದೇ ಬೆಟಿಕ್, ತಂಡ ಕಟ್ಟಿ ಒಂದು ತೊಂದರೆಗೆ ಪರಿಹಾರ ಹುಡುಕುವ ಕೆಲವು ದಿನಗಳ ಶಿಬಿರಗಳನ್ನೂ ನಡೆಸಿತು, ಈಗ ಹ್ಯಾಕಥಾನ್ ಹೆಸರಿನಲ್ಲಿ ಕಾಲೇಜು ಕಾಲೇಜಿನಲ್ಲೂ ನಡೆಯುತ್ತವೆ. ಹೋಗಿ. ಎರಡು ದಿನ ಒಬ್ಬ ಅರಿವಳಿಕೆ ತಜ್ಞೆಯ ಪಕ್ಕ ಕೂತು ವಾದ ಮಾಡಿದರೆ ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿದುಬಿಡುತ್ತದೆ. ಆದರೆ ಒಂದು ಎಚ್ಚರ ಇರಲಿ. ವೇದಿಕೆಯ ಮೇಲೆ ಹೊಸ ಐಡಿಯಾ ವಿವರಿಸಿಬಿಟ್ಟರೆ ಅದು ಬಹಿರಂಗವಾದಂತೆ, ಆಮೇಲೆ ಪೇಟೆಂಟಿಗೆ ತೊಡಕಾಗುತ್ತದೆ. ಹೇಳಲೇಬೇಕಿದ್ದರೆ ಮೊದಲು ತಾತ್ಕಾಲಿಕ ಅರ್ಜಿ ಹಾಕಿ. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ, ಪೂರ್ಣ ವಿವರ ಸಲ್ಲಿಸಲು 12 ತಿಂಗಳ ಕಾಲಾವಕಾಶ ಇರುತ್ತದೆ.

ಸಣ್ಣ ಕೋರ್ಸಿನಿಂದ ದೊಡ್ಡದು ಹುಟ್ಟಬಾರದೆಂದೇನಿಲ್ಲ. ಎಂಬ್ರೇಸ್ ಎಂಬ, ಕೂಸನ್ನು ಬೆಚ್ಚಗಿಡುವ ಚೀಲ ಶುರುವಾದದ್ದು 2007ರಲ್ಲಿ ಸ್ಟ್ಯಾನ್‌ಫರ್ಡಿನ ಒಂದು ತರಗತಿಯಲ್ಲಿ. ಅಗ್ಗದ ಇನ್‌ಕ್ಯುಬೇಟರ್ ಮಾಡಬೇಕೆಂದು ಹೊರಟ ತಂಡ ನೇಪಾಳಕ್ಕೆ ಹೋಗಿ ನೋಡಿದಾಗ, ದಾನವಾಗಿ ಬಂದ ಇನ್‌ಕ್ಯುಬೇಟರುಗಳು ಆಸ್ಪತ್ರೆಯಲ್ಲಿ ಸುಮ್ಮನೆ ಕೂತಿದ್ದವು, ತಿಂಗಳು ತುಂಬದ ಕೂಸುಗಳು ಹುಟ್ಟುತ್ತಿದ್ದುದು ಕರೆಂಟಿಲ್ಲದ ಹಳ್ಳಿಗಳಲ್ಲಿ. ಅಲ್ಲಿಗೆ ಇನ್‌ಕ್ಯುಬೇಟರ್ ಕೈಬಿಟ್ಟು, ಮೈಬಿಸಿಯ ಮಟ್ಟದಲ್ಲೇ ಗಂಟೆಗಟ್ಟಲೆ ಶಾಖ ಹಿಡಿದಿಡುವ ಮೇಣದಂಥ ವಸ್ತುವಿನ ಚೀಲಕ್ಕೆ ಬಂದರು. ತರಗತಿ ಕೆಲವೇ ತಿಂಗಳಿನದು. ಮುಂದಿನ ವರ್ಷಗಳ ಪರಿಶ್ರಮ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ತಂಡ ಇಲ್ಲಿಗೇ ಬಂದು ನೆಲೆಸಿತ್ತು.

ಅನುದಾನ ಪಡೆದು ನೇರ ಇಳಿಯುವುದು

ಬಯೋಟೆಕ್ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್, ಹೊಸ ಐಡಿಯಾ ಪರೀಕ್ಷಿಸಿ ನೋಡಲು ಕೊಡುವ ಬಿಗ್ ಅನುದಾನ 50 ಲಕ್ಷ ರೂಪಾಯಿವರೆಗೆ, 18 ತಿಂಗಳಿಗೆ. ಬೆಂಗಳೂರಿನ ಸಿ-ಕ್ಯಾಂಪ್ ಇದನ್ನು ನಡೆಸಿಕೊಡುವ ಸಂಸ್ಥೆಗಳಲ್ಲಿ ಒಂದು. ಸ್ಟಾರ್ಟಪ್‌ಗಳಿಗಾಗಿ ರಾಜ್ಯ ಸರ್ಕಾರ ನಡೆಸುವ ಎಲಿವೇಟ್ ಯೋಜನೆಯಲ್ಲೂ 50 ಲಕ್ಷದವರೆಗೆ ಸಿಗುತ್ತದೆ. ಎಲೆಕ್ಟ್ರಾನಿಕ್ಸ್ ಸಿಟಿಯ ಬೆಂಗಳೂರು ಬಯೋಇನ್ನೊವೇಶನ್ ಸೆಂಟರಿನಲ್ಲಿ ಲ್ಯಾಬೂ ಜಾಗವೂ ಇದೆ.

ಇಲ್ಲಿ ಕಲಿಕೆ ನಡೆಯುವುದು ದುಡ್ಡು ಖರ್ಚಾಗುತ್ತಾ. ನಿಯಮಗಳ ಪಾಠವನ್ನು ಇಷ್ಟು ಚೆನ್ನಾಗಿ ಬೇರೆಲ್ಲೂ ಕಲಿಯುವುದಿಲ್ಲ. ವೈದ್ಯಕೀಯ ಸಾಧನಗಳ ನಿಯಮಗಳು 2017ರ ಪ್ರಕಾರ ಸಾಧನಗಳಿಗೆ, ಅಪಾಯ ಏರಿದಂತೆ, ಎ, ಬಿ, ಸಿ, ಡಿ ಎಂಬ ನಾಲ್ಕು ದರ್ಜೆ. ನಾಲಿಗೆ ಒತ್ತುವ ಕಡ್ಡಿ ಎ, ಇಂಜೆಕ್ಷನ್ ಸೂಜಿ ಬಿ, ವೆಂಟಿಲೇಟರ್ ಸಿ, ಹೃದಯದ ಕವಾಟ ಡಿ. ತಯಾರಿಕೆಗೆ ಪರವಾನಗಿ ಬೇಕಾದಾಗ ಮೊದಲೆರಡಕ್ಕೆ ಅದನ್ನು ಕೊಡುವುದು ರಾಜ್ಯ, ಉಳಿದೆರಡಕ್ಕೆ ಕೇಂದ್ರ. ಜೊತೆಗೆ ಅಂತರರಾಷ್ಟ್ರೀಯ ಮಾನದಂಡಗಳಾದ ಐಎಸ್‌ಒ 13485ರ ಗುಣಮಟ್ಟದ ಕಡತ, 14971ರ ಅಪಾಯದ ಲೆಕ್ಕ, ರೋಗಿಯ ಮೇಲೆ ಪರೀಕ್ಷಿಸುವ ಮೊದಲು ಎಥಿಕ್ಸ್ ಕಮಿಟಿಯ ಒಪ್ಪಿಗೆ. ನಿಮ್ಮ ಸಾಧನ ಯಾವ ದರ್ಜೆಗೆ ಬೀಳುತ್ತದೆ ಎಂದು ಮೊದಲ ವಾರವೇ ನೋಡಿಕೊಳ್ಳಿ. ದರ್ಜೆ ಸಿ ಆಗಿದ್ದರೆ 18 ತಿಂಗಳಲ್ಲಿ ಮಾರುಕಟ್ಟೆಗೆ ಬರುವ ಕನಸು ಬೇಡ.

ಬೆಂಗಳೂರಿನ ಕೋಯಿಯೊ ಲ್ಯಾಬ್ಸ್ ರೂಪಿಸಿದ, ಕೂಸಿನ ಉಸಿರಾಟಕ್ಕೆ ನೆರವಾಗುವ 'ಸಾನ್ಸ್' ಸಾಧನ ಈ ದಾರಿಯಲ್ಲಿ ನೋಡಿ ಕಲಿಯಬೇಕಾದ್ದು. ಉಸಿರಾಟದ ತೊಂದರೆಯ ನವಜಾತ ಶಿಶುಗಳು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗುವ ಹಾದಿಯಲ್ಲೇ ತೀರಿಕೊಳ್ಳುತ್ತಿದ್ದವು. ಅದಕ್ಕೇ ಅದು ಕರೆಂಟಿನಿಂದಲೂ ನಡೆಯುತ್ತದೆ, ಬ್ಯಾಟರಿಯಿಂದಲೂ, ಸಿಲಿಂಡರಿನ ಗಾಳಿಯಿಂದಲೂ, ಏನೂ ಇಲ್ಲದಿದ್ದರೆ ಕೈಯಿಂದ ಪಂಪು ಮಾಡಿದರೂ. ನಮ್ಮ ಡ್ರಿಪ್ ಪೆಟ್ಟಿಗೆಗೆ ಇದ್ದದ್ದು ಒಂದೇ ವೈರು ಎಂದು ಅದನ್ನು ನೋಡಿದಾಗಲೆಲ್ಲ ನೆನಪಾಗುತ್ತದೆ.

ತಂಡ ಇನ್ನೂ ಕೂಡಿಲ್ಲ ಎಂದಾದರೆ ಈ ದಾರಿ ಹಿಡಿಯಬೇಡಿ. ಅನುದಾನದ ಗಡುವು ಓಡುತ್ತಿರುವಾಗ ಡಾಕ್ಟರಿಗೂ ಎಂಜಿನಿಯರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುವಷ್ಟು ಪುರುಸೊತ್ತು ಇರುವುದಿಲ್ಲ.

ಇದ್ದ ಕೆಲಸದಲ್ಲೇ

ಇದನ್ನು ಯಾರೂ ಒಂದು ದಾರಿಯೆಂದು ಎಣಿಸುವುದಿಲ್ಲ, ನಾನು ಎಣಿಸುತ್ತೇನೆ. ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಮತ್ತೆ ಮಾತಾಡಲು ಬೇಕಾದ ಪುಟ್ಟ ಸಾಧನಕ್ಕೆ ಆಮದು ಬೆಲೆ ಸಾವಿರಾರು ರೂಪಾಯಿ, ಅದನ್ನೂ ಆಗಾಗ ಬದಲಿಸಬೇಕು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್, ಕೈಗಾರಿಕೆಯ ಹಿನ್ನೆಲೆಯ ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ 'ಓಂ' ಹೆಸರಿನಲ್ಲಿ ಅದನ್ನು 50 ರೂಪಾಯಿ ಆಸುಪಾಸಿಗೆ ತಂದರು. ರೋಗಿಯ ಎದುರು ದಿನಾ ಕೂರುವವರಿಗೆ ಕೊರತೆ ಹುಡುಕುವ ಹಂತ ಅರ್ಧ ಮುಗಿದೇ ಇರುತ್ತದೆ. ಅವರಿಗೆ ಬೇಕಾದ್ದು ಕೈಜೋಡಿಸುವ ಒಬ್ಬರು ಮತ್ತು ವಾರಕ್ಕೊಂದು ಸಂಜೆ.

ನರ್ಸುಗಳಿಗೆ ನಾನು ಹೇಳುವುದು ಇದನ್ನೇ. ಮೇಲಿನ ಬಹುತೇಕ ಕಡೆ ಅರ್ಜಿಯ ನಮೂನೆ ನಿಮ್ಮನ್ನು ನೆನೆದು ಬರೆದದ್ದಲ್ಲ. ಆದರೂ ಒಂದು ನೋಟ್‌ಬುಕ್ ಇಟ್ಟು, ಪಾಳಿಗೆ ಎರಡರಂತೆ ಕಂಡ ತೊಂದರೆ ಬರೆಯುತ್ತಾ ಬನ್ನಿ, ರೋಗಿಯ ಹೆಸರು, ವಿವರ ಬೇಡ. ನಾಲ್ಕು ತಿಂಗಳಲ್ಲಿ ಇನ್ನೂರು ದಾಟುತ್ತದೆ. ಆ ಪುಸ್ತಕ ಹಿಡಿದು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಬಯೋಮೆಡಿಕಲ್ ವಿಭಾಗಕ್ಕೆ ಹೋದರೆ ಬಾಗಿಲು ತೆರೆಯುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಸಿಗದೆ ಪರದಾಡುವ ಮಕ್ಕಳು ಅಲ್ಲಿ ಬೇಕಾದಷ್ಟಿದ್ದಾರೆ.

ಯಾರಿಗೆ ಯಾವುದು

ನಿಮ್ಮ ಬಲಕ್ಕೆ ಹೊಂದುವ ದಾರಿಯ ಬದಲು, ನಿಮ್ಮ ಕೊರತೆ ತುಂಬುವ ದಾರಿ ಆರಿಸಿ. ಈಗಷ್ಟೇ ಓದು ಮುಗಿಸಿದ, ಆಸ್ಪತ್ರೆಯ ಒಳಗನ್ನೇ ಕಾಣದ ಎಂಜಿನಿಯರಿಗೆ ಕ್ಲಿನಿಕಲ್ ಎಂಜಿನಿಯರಿಂಗ್ ಎಂ.ಟೆಕ್. ನಾಲ್ಕೈದು ವರ್ಷ ಕಂಪನಿಯಲ್ಲಿ ದುಡಿದು ತಯಾರಿಕೆ ಬಲ್ಲವರಿಗೆ, ಒಂದು ವರ್ಷ ಸಂಬಳ ಬಿಡಲು ಸಾಧ್ಯವಿದ್ದರೆ, ಬಯೋಡಿಸೈನ್. ಎಂಬಿಬಿಎಸ್ ಆದವರು ಮುಂದೆಯೂ ರೋಗಿ ನೋಡಬೇಕು ಅನ್ನುವುದಾದರೆ ಪಿಜಿ ಬಿಡಬೇಡಿ, ಬೆಟಿಕ್ ಥರದ ಕೇಂದ್ರಕ್ಕೆ ತೊಂದರೆ ಹೊತ್ತು ಹೋಗಿ. ಸಂಶೋಧನೆಯೇ ಬಾಳು ಅನ್ನುವುದಾದರೆ ಖರಗ್‌ಪುರ. ವರ್ಷಗಟ್ಟಲೆ ಒಟ್ಟಿಗೆ ದುಡಿದ ತಂಡ ಇದ್ದರಷ್ಟೇ ನೇರ ಅನುದಾನ.

ಎಲ್ಲೇ ಸೇರುವುದಾದರೂ ಸಂದರ್ಶನದ ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ?" ಎಂದು ಕೇಳುತ್ತಾರೆ. ಆಗ ಸುಮ್ಮನಿರಬೇಡಿ. ಪೇಟೆಂಟ್ ಯಾರ ಹೆಸರಿನಲ್ಲಿ, ಸಂಸ್ಥೆಗೆ ಎಷ್ಟು ಪಾಲು, ಬರಹದಲ್ಲಿ ಇದೆಯೇ ಎಂದು ಕೇಳಿ. ವಾರ್ಡಿಗೆ ಹೋಗಲು ಗುರುತಿನ ಚೀಟಿ ಸಿಗುತ್ತದೆಯೇ, ರಾತ್ರಿ ಪಾಳಿಗೂ ಬಿಡುತ್ತಾರೆಯೇ ಎಂದು ಕೇಳಿ. ಹಗಲು ರೌಂಡ್ಸಿನಲ್ಲಿ ಕಾಣುವ ಆಸ್ಪತ್ರೆಯೇ ಬೇರೆ, ರಾತ್ರಿ ಎರಡು ಗಂಟೆಯದೇ ಬೇರೆ. ಹಿಂದಿನ ತಂಡಗಳು ಕೈಬಿಟ್ಟ ಐಡಿಯಾಗಳು ಯಾವುವು, ಕೈಬಿಡಿ ಎಂದು ಮೊದಲು ಹೇಳಿದವರು ಯಾರು ಎಂದೂ ಕೇಳಿ. ಆ ಉತ್ತರದಲ್ಲಿ ಒಬ್ಬ ನರ್ಸಿನದೋ ಟೆಕ್ನಿಷಿಯನ್ನಿನದೋ ಮಾತು ಬಂದರೆ ಅಲ್ಲೇ ಸೇರಿಕೊಳ್ಳಿ.